ಉಂಡೆ ಕಾಲುಚೀಲದವರು

ನನ್ನ ಮಗ ಓದಿದ್ದು ದೊಡ್ಡ ಸ್ಕೂಲಿನಲ್ಲಿ. ಹುಲ್ಲಿನ ಮೈದಾನ, ಹಾಸ್ಟೆಲ್ಲು, ಆನೆಯಷ್ಟು ದಪ್ಪದ ಗಂಟೆ ಇರುವ ಸ್ಕೂಲು. ಇದರಲ್ಲಿ ಅರ್ಧ ಸುಳ್ಳು ಅಂತ ಮೊದಲೇ ಹೇಳಿಬಿಡುತ್ತೇನೆ. ಸ್ಕೂಲು ನಿಜ, ಮೈದಾನ ನಿಜ, ಮಗ ಅಲ್ಲಿ ಬೆಳೆದದ್ದೂ ನಿಜ. ಓದಿದ ಅನ್ನುವುದೊಂದು ನಾನು ಸೇರಿಸಿದ್ದು. ಅವನು ಬೆಳೆದದ್ದು ಸ್ಕೂಲಿನ ಹಿಂದಿನ ಬಟ್ಟೆ ಒಗೆಯುವ ಕೋಣೆಯಲ್ಲಿ, ಓದಿದ್ದು ರಸ್ತೆಯಾಚೆಯ ಸರಕಾರಿ ಶಾಲೆಯಲ್ಲಿ.

ಆ ಕೋಣೆಯಲ್ಲಿ ನಾನು ನಾನೂರು ಹುಡುಗರ ಬಟ್ಟೆ ಒಗೆಯುತ್ತಿದ್ದೆ. ಸರಿ, ಇನ್ನೂರು. ಬೆನ್ನನ್ನು ಕೇಳಿದರೆ ನಾನೂರು ಅನ್ನುತ್ತದೆ. ನನ್ನ ಗಂಡ ಇಸ್ತ್ರಿ ಮಾಡುತ್ತಿದ್ದ. ಮಗನಿಗೆ ಮೂರು ತುಂಬುವ ಮುಂಚೆ ಇಸ್ತ್ರಿ ಪೆಟ್ಟಿಗೆಯನ್ನೂ ನನಗೇ ಬಿಟ್ಟು ಹೋದ ಪುಣ್ಯಾತ್ಮ. ನನಗೆ ಅಕ್ಷರ ಬಾರದು, ಅಂಕಿ ಬರುತ್ತದೆ. ಒಬ್ಬೊಬ್ಬ ಹುಡುಗನಿಗೂ ಒಂದೊಂದು ನಂಬರು, ಅದನ್ನು ಕಾಲರಿನ ಒಳಗೆ ಕೆಂಪು ದಾರದಲ್ಲಿ ಹೊಲಿಯುವವಳು ನಾನೇ. ಅವರ ಬೆವರಿನ ವಾಸನೆ ನನಗೆ ಗೊತ್ತು, ನನ್ನ ಮುಖ ಅವರಲ್ಲಿ ಒಬ್ಬರಿಗೂ ಗೊತ್ತಿಲ್ಲ.

ಸ್ಕೂಲಿಗೆ ಮಷೀನು ಬಂತು, ನಾನು ಫುಟ್‌ಬಾಲ್ ಕ್ಲಬ್ಬಿಗೆ ಬಂದೆ. ಕೆಲಸ ಅದೇ. ಬಂದ ವಾರದಲ್ಲೇ ಒಂದು ವಿದ್ಯೆ ಕಂಡುಹಿಡಿದೆ. ಆಟಗಾರನ ಕಾಲುಚೀಲ ನೋಡಿದರೆ ಸಾಕು, ಅವನು ಎಂಥ ಶಾಲೆಯವನೆಂದು ಹೇಳಬಲ್ಲೆ. ಫೀಸು ಕಟ್ಟಿ ಓದಿದವರು ಕಾಲುಚೀಲವನ್ನು ಕಿತ್ತು ಉಂಡೆ ಮಾಡಿ ಬುಟ್ಟಿಗೆ ಎಸೆಯುತ್ತಾರೆ. ಬಿಡಿಸುವವರು ಯಾರೋ ಇರುತ್ತಾರೆ ಅಂತ ಹುಟ್ಟಿದಾಗಿನಿಂದ ಗೊತ್ತಲ್ಲ. ತಾವೇ ಒಗೆದುಕೊಂಡು ಬೆಳೆದವರು ನೀಟಾಗಿ ಎಳೆದು ಇಡುತ್ತಾರೆ. ಬಟ್ಟೆ ಬದಲಿಸುವ ಕೋಣೆಯಲ್ಲಿ ಎರಡು ಬೆಂಚು. ಉಂಡೆಯವರು ಕಿಟಕಿಯ ಕಡೆ, ನೀಟಿನವರು ಬಾಗಿಲ ಕಡೆ. ಹಾಗೆ ಕೂರಿ ಅಂತ ಯಾರೂ ಹೇಳಿರಲಿಲ್ಲ. ಎದ್ದು ಆಚೆ ಕೂತವರೂ ಇಲ್ಲ.

ಬಾಗಿಲ ಕಡೆಯಂಥವರಿಗೆ ಕ್ಲಬ್ಬಿನ ಆಯ್ಕೆ ವರ್ಷಕ್ಕೊಂದೇ ದಿನ. ಸಾವಿರ ಜನರ ನೂಕಾಟ. ದೊಡ್ಡ ಸ್ಕೂಲಿನವನು ಅಂದರೆ ಕೋಚು ತಾವೇ ಕರೆಸಿ ಆಡಿಸಿ ನೋಡುತ್ತಿದ್ದರು. ಆರು ವರ್ಷದ ಹಿಂದೆ ಅಂಗಿ ಎಣಿಸಿ ಕೊಡುತ್ತಾ ಅವರ ಕಿವಿಗೆ ಒಂದು ಮಾತು ಹಾಕಿದೆ. ದೊಡ್ಡ ಸ್ಕೂಲಿನಲ್ಲಿ ಒಗೆಯುವಾಗ ಒಬ್ಬ ಹುಡುಗನ ಆಟ ನೋಡಿದ್ದೆ, ಅವನಂಥವನು ಅಲ್ಲಿ ಇನ್ನೊಬ್ಬನಿರಲಿಲ್ಲ ಅಂದೆ. ಹೆಸರು ಹೇಳಿದೆ, ನನ್ನ ಮಗ ಅನ್ನಲಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತ ನಕ್ಕುಬಿಡುತ್ತಾರಲ್ಲ.

ಕರೆಸಿದರು, ಆಡಿದ, ತೆಗೆದುಕೊಂಡರು. ಆಟದಲ್ಲಿ ಸುಳ್ಳಿರಲಿಲ್ಲ. ಆದರೆ ಹೇಳಿದ್ದನ್ನು ವಾಪಸ್ಸು ನುಂಗುವುದು ಹೇಗೆ? ಮಗ ಕಿಟಕಿಯ ಬೆಂಚಿನಲ್ಲಿ ಕೂತ. ಅಲ್ಲಿದ್ದ ಮಿಕ್ಕವರದು ಬೇರೆ ಬೇರೆ ಸ್ಕೂಲು, ಹಾಗಾಗಿ ಸಿಕ್ಕಿಬೀಳದೆ ಉಳಿದುಕೊಂಡೆವು. ಕಾಲುಚೀಲ ಉಂಡೆ ಮಾಡುವುದನ್ನು ಮನೆಯಲ್ಲಿ ನಾನೇ ಅಭ್ಯಾಸ ಮಾಡಿಸಿದೆ. ಎಲ್ಲ ತಾಯಂದಿರೂ ಮಕ್ಕಳಿಗೆ ಬಟ್ಟೆ ಮಡಚಲು ಕಲಿಸಿದರೆ ನಾನು ಎಸೆಯಲು ಕಲಿಸಿದೆ. ಕ್ಲಬ್ಬಿನಲ್ಲಿ ಎಲ್ಲರಂತೆ ಅವನೂ ನನ್ನನ್ನು ಅಜ್ಜಿ ಅನ್ನಬೇಕಾಯಿತು. ಮೊದಲ ದಿನ ಟಬ್ಬಿನೊಳಗೆ ಮುಖ ಹಾಕಿ ನಕ್ಕೆ. ಎರಡನೆಯ ದಿನ ಅಷ್ಟು ನಗು ಬರಲಿಲ್ಲ.

ಈ ವರ್ಷ ಹೊಸ ಕ್ಯಾಪ್ಟನ್ ಬೇಕಾಯಿತು. ಕೋಚು ನನ್ನ ಮಗನ ಹೆಸರು ಹೇಳಿದರು. ಕ್ಲಬ್ಬಿನ ಅಧ್ಯಕ್ಷರು ಅದೇ ದೊಡ್ಡ ಸ್ಕೂಲಿನ ಹಳೇ ವಿದ್ಯಾರ್ಥಿ. ನಮ್ಮ ಸ್ಕೂಲಿನ ಹುಡುಗ, ನಮ್ಮ ಸ್ಕೂಲಿನ ಮೈದಾನದಲ್ಲೇ ಅವನ ತೋಳಿಗೆ ಕ್ಯಾಪ್ಟನ್ ಪಟ್ಟಿ ಕಟ್ಟೋಣ ಅಂತ ಕುಣಿದರು. ಮಗ ಮನೆಗೆ ಬಂದವನು ತಟ್ಟೆ ಮುಟ್ಟಲಿಲ್ಲ.

"ಅಲ್ಲಿ ಯಾರಾದ್ರೂ ಗುರುತು ಹಿಡಿದ್ರೆ ಕ್ಯಾಪ್ಟನ್ ಇರ್ಲಿ, ಆಟಾನೇ ಹೋಗುತ್ತಮ್ಮ."

ಹಿಂದಿನ ಬಾಗಿಲಲ್ಲಿ ಬಂದವರ ಮುಖ ಅಲ್ಲಿ ಯಾರೂ ನೋಡಿಲ್ಲ ಅಂತ ಧೈರ್ಯ ಹೇಳಿದೆ.

ಅಷ್ಟು ದೂರ ಹೋಗಬೇಕಾಗಿಯೇ ಬರಲಿಲ್ಲ. ಆ ಶನಿವಾರ ಆಟ ಮುಗಿದಾಗ ಅಧ್ಯಕ್ಷರು ಬಟ್ಟೆ ಬದಲಿಸುವ ಕೋಣೆಗೇ ಬಂದರು. ಎರಡೂ ಬೆಂಚು ತುಂಬಿದ್ದವು. ನಾನು ಸೊಂಟದ ಮೇಲೆ ಬುಟ್ಟಿ ಇಟ್ಟುಕೊಂಡು ಮೂಲೆಯಲ್ಲಿದ್ದೆ. ಅವರು ಮಗನ ಹೆಗಲ ಮೇಲೆ ಕೈ ಹಾಕಿದರು.

"ನಾನು ನೂರಾ ಹದಿನೇಳು. ನಿನ್ನ ನಂಬರ್ ಎಷ್ಟಪ್ಪ?"

ಆ ಸ್ಕೂಲಿನವರು ಹೆಂಡತಿ ಹುಟ್ಟಿದ ದಿನ ಮರೆತರೂ ಬಟ್ಟೆಯ ನಂಬರು ಮರೆಯುವುದಿಲ್ಲ. ಸಾವಿರ ನಂಬರು ಹೊಲಿದವಳು ನಾನು. ಮಗನಿಗೆ ನಡಿಗೆ ಕಲಿಸಿದೆ, ಎಸೆತ ಕಲಿಸಿದೆ, ಒಂದು ನಂಬರು ಕೊಡುವುದನ್ನು ಮರೆತಿದ್ದೆ. ಅಧ್ಯಕ್ಷರ ಬೆನ್ನ ಹಿಂದೆ ಬೆರಳು ಎತ್ತಿದೆ, ಮೂರು, ಆಮೇಲೆ ನಾಲ್ಕು. ಮಗ ನನ್ನ ಬೆರಳು ನೋಡಿದ. ತಲೆ ತಗ್ಗಿಸಿದ. ಬಗ್ಗಿ ಕಾಲುಚೀಲ ಬಿಚ್ಚಿ, ನೀಟಾಗಿ ಎಳೆದು, ಕೋಣೆ ದಾಟಿ ಬಂದು ನನ್ನ ಕೈಗೆ ಇಟ್ಟ.

"ನಂಬರಿಲ್ಲ ಸಾರ್. ನಾನು ಅಲ್ಲಿ ಓದಿಲ್ಲ. ನಮ್ಮಮ್ಮ ಅಲ್ಲಿ ಬಟ್ಟೆ ಒಗೀತಿದ್ಲು. ಇವಳೇ ನಮ್ಮಮ್ಮ."

ಅಧ್ಯಕ್ಷರ ಮುಖ ಕೆಂಪಾಯಿತು. ಇಷ್ಟು ವರ್ಷ ಮೋಸ ಮಾಡಿದೆಯಾ ಅಂತ ಶುರು ಮಾಡಿದರು.

"ಮೋಸ ನಂದು ಸಾರ್. ಆಚೆ ಹಾಕೋದಾದ್ರೆ ನನ್ನ ಹಾಕಿ, ಆಟ ಅವನದೇ," ಅಂದೆ.

ಅಲ್ಲಿಗೆ ಬಾಯಿ ಮುಚ್ಚಿದ್ದರೆ ಮರ್ಯಾದಸ್ಥೆ ಅನ್ನಿಸಿಕೊಳ್ಳುತ್ತಿದ್ದೆ. ನನ್ನ ಬಾಯಿ ಎಂದು ಮುಚ್ಚಿದೆ? ಈ ಅಧ್ಯಕ್ಷರು ಭಾಷಣ ಮಾಡಿದಾಗಲೆಲ್ಲ ತಾವು ಸ್ಕೂಲಿನ ಟೀಮಿನಲ್ಲಿ ಕೆಸರಲ್ಲಿ ಉರುಳಿ ಗೋಲು ಹೊಡೆದದ್ದನ್ನು ಹೇಳುತ್ತಿದ್ದರು.

"ನೂರಾ ಹದಿನೇಳಾ? ನಿಮ್ಮ ಆಟದ ಬಟ್ಟೆ ವಾರ ವಾರ ಬರ್ತಿತ್ತು ಸಾರ್. ಒಂದು ಸಲಾನೂ ಕೆಸರು ಉಜ್ಜೋ ಕೆಲಸ ಕೊಡ್ಲಿಲ್ಲ ನೀವು."

ಇಪ್ಪತ್ತೇಳು ವರ್ಷದ ಹಿಂದಿನ ಚಡ್ಡಿ ಯಾರಿಗೆ ನೆನಪಿರುತ್ತದೆ? ಸುಮ್ಮನೆ ಕಲ್ಲು ಬೀಸಿದೆ. ಆದರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಅನ್ನುತ್ತಾರಲ್ಲ, ಅಧ್ಯಕ್ಷರ ಕೈ ತಾನಾಗಿ ಕಾಲರಿಗೆ ಹೋಯಿತು. ಬಾಗಿಲ ಬೆಂಚಿನವರು ಮೊದಲು ನಕ್ಕರು, ಆಮೇಲೆ ಕಿಟಕಿಯವರು, ಕೊನೆಗೆ ಕೋಚು ಕೂಡ ಗೋಡೆಗೆ ತಿರುಗಿ ಕೆಮ್ಮಿದರು. ಕ್ಯಾಪ್ಟನ್ ಯಾರೆಂದು ನಾಳೆ ಹೇಳುತ್ತೇನೆ ಅಂತ ಅಧ್ಯಕ್ಷರು ಹೊರಟುಹೋದರು.

ನನ್ನನ್ನು ಆಚೆ ಹಾಕಲಿಲ್ಲ, ಈಗಲೂ ಒಗೆಯುತ್ತೇನೆ. ಪ್ರತಿ ಸೋಮವಾರ ಆ ಕ್ಯಾಪ್ಟನ್ ಪಟ್ಟಿಯೂ ನನ್ನ ಟಬ್ಬಿಗೆ ಬರುತ್ತದೆ. ಬುಟ್ಟಿಯಲ್ಲಿ ಬಿದ್ದಿರುವುದಿಲ್ಲ. ಒಂದು ಜೊತೆ ಕಾಲುಚೀಲದ ಮೇಲಿಟ್ಟು ಯಾರೋ ನನ್ನ ಕೈಗೇ ಕೊಡುತ್ತಾರೆ. ಆ ಕಾಲುಚೀಲ ಉಂಡೆಯೋ ನೀಟೋ, ಕೊಡುವವನು ನನ್ನನ್ನು ಏನೆಂದು ಕರೆಯುತ್ತಾನೋ, ಅದನ್ನೂ ನಾನೇ ಹೇಳಬೇಕೆ? ನೀವು ಓದಿದವರು, ಊಹಿಸಿ ನೋಡೋಣ.