ಆರರ ಬಾಲ

ಲ್ಯಾಬಿನಲ್ಲಿ ಎಲ್ಲರೂ ಅವಳನ್ನು ದೊಡ್ಡಕ್ಕ ಎನ್ನುತ್ತಿದ್ದರು. ಆರು ವರ್ಷ ಪಿಎಚ್‌ಡಿ ಮಾಡಿದವರಿಗೆ ಇಂಥ ಹೆಸರು ತಾನಾಗಿ ಅಂಟಿಕೊಳ್ಳುತ್ತದೆ. ಇನ್ನೊಂದು ವರ್ಷ ಉಳಿದಿದ್ದರೆ ಅಜ್ಜಿ ಎನ್ನುತ್ತಿದ್ದರೇನೋ. ಶುಕ್ರವಾರ ಅವಳು ಥೀಸಿಸ್ ಒಪ್ಪಿಸಬೇಕಿತ್ತು. ತಪ್ಪಿದರೆ ಅವಧಿ ಮುಗಿದು ನೋಂದಣಿಯೇ ರದ್ದು. ಮಂಗಳವಾರ ಬೆಳಿಗ್ಗೆ ಅವಳು ಕೈಯಲ್ಲೊಂದು ಫಿಲ್ಮ್ ಹಿಡಿದು ಬೆವರುತ್ತಿದ್ದಳು. ಖಾಲಿ ಇರಬೇಕಾದ ಜಾಗದಲ್ಲಿ ದಪ್ಪನೆಯ ಕಪ್ಪು ಪಟ್ಟಿ ಇತ್ತು.

ಅವಳ ಕೆಲಸವನ್ನು ಹೇಳುವುದು ಸುಲಭ, ಮಾಡುವುದು ಕಷ್ಟ. ಜೀವಕೋಶ ಎರಡಾಗುವ ಮುಂಚೆ ತನ್ನ ಡಿಎನ್‌ಎಯನ್ನು ಪೂರ್ತಿ ನಕಲು ಮಾಡಿಕೊಳ್ಳಬೇಕು. ನಡುವೆ ಔಷಧಿ ಹಾಕಿ ನಕಲಿಗೆ ಬೇಕಾದ ಸಾಮಗ್ರಿ ತಪ್ಪಿಸಿದರೆ ನಕಲು ಕುಂಟುತ್ತದೆ, ನಿಲ್ಲುತ್ತದೆ, ಬರೆದದ್ದೂ ಹರಿದುಹೋಗುತ್ತದೆ. ಔಷಧಿಗೆ ಮುಂಚಿನ ನಕಲು ಕೆಂಪಾಗಿ, ಆಮೇಲಿನದು ಹಸಿರಾಗಿ ಕಾಣುವಂತೆ ಮಾಡಿ, ಗಾಜಿನ ಮೇಲೆ ಎಳೆಎಳೆಯಾಗಿ ಹಾಸಿ, ದೊಡ್ಡಕ್ಕ ಆ ಎಳೆಗಳ ಉದ್ದ ಅಳೆಯುತ್ತಿದ್ದಳು. ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಸಾವಿರಾರು ಎಳೆ ಅಳೆದಿದ್ದಳು. ಒಂದು ಪ್ರೋಟೀನು ಇಂಥ ಒತ್ತಡದಲ್ಲಿ ನಕಲನ್ನು ಕಾಯುತ್ತದೆ ಎಂದು ಎಲ್ಲರೂ ನಂಬಿದ್ದರು. ಕಾಯುವುದಿಲ್ಲ, ಅದೇ ಅಡ್ಡಗಾಲು ಹಾಕುತ್ತದೆ, ಅದನ್ನು ತೆಗೆದರೆ ಕೋಶ ಚೆನ್ನಾಗಿರುತ್ತದೆ ಎಂದು ದೊಡ್ಡಕ್ಕ ಬರೆದಳು. ಪೇಪರು ಅಚ್ಚಾಯಿತು. ಅವಳ ಅಮ್ಮ ಬೀದಿಗೆಲ್ಲ ಡಾಕ್ಟರಮ್ಮನ ಸುದ್ದಿ ಹಂಚಿದ್ದೇ ತಡ, ನೆರೆಯವರು ಮಂಡಿನೋವಿಗೆ ಮಾತ್ರೆ ಕೇಳತೊಡಗಿದರು.

ಥೀಸಿಸ್ಸಿಗೆ ಒಂದು ಹೊಸ ಚಿತ್ರ ಬೇಕು, ಆ ಕೋಶಗಳಲ್ಲಿ ಪ್ರೋಟೀನು ಇಲ್ಲವೆಂದು ಮತ್ತೊಮ್ಮೆ ತೋರಿಸು ಎಂದಿದ್ದರು ಗೈಡ್ ಮೇಡಂ. ಪ್ರೋಟೀನು ಇದ್ದರೆ ಫಿಲ್ಮಿನ ಮೇಲೆ ಕಪ್ಪು ಪಟ್ಟಿ ಮೂಡುತ್ತದೆ. ತೋರಿಸಲು ಹೋದರೆ ತೆಗೆದ ಕೋಶದಲ್ಲಿ ಪಟ್ಟಿ ಇತ್ತು, ತೆಗೆಯದ ಕೋಶದಲ್ಲಿ ಇರಲಿಲ್ಲ.

ಅವಳು ಫ್ರೀಜರಿನಿಂದ ತನ್ನ ಹಳೆಯ ಪೆಟ್ಟಿಗೆ ತೆಗೆದಳು. ಹತ್ತು ಜನರ ಟ್ಯೂಬುಗಳಲ್ಲಿ ತನ್ನವು ಕಲೆತುಹೋಗಬಾರದೆಂದು ಅವಳು ಮುಚ್ಚಳದ ಮೇಲೆ ಕನ್ನಡ ಅಂಕಿ ಬರೆಯುತ್ತಿದ್ದಳು. ಪ್ರೋಟೀನು ತೆಗೆದದ್ದು ೬, ತೆಗೆಯದ್ದು ೯. ಎರಡಕ್ಕೂ ತಲೆ ಒಂದೇ, ವ್ಯತ್ಯಾಸವೆಲ್ಲ ಬಾಲದ ತಿರುವಿನಲ್ಲಿ. ಬೆರಳ ತುದಿಯಷ್ಟಿದ್ದ ಮುಚ್ಚಳಗಳನ್ನು ಬೆಳಕಿಗೆ ಹಿಡಿದು ನೋಡಿದಳು. ಆರೆಂದು ಎತ್ತಿ ನಾಲ್ಕು ವರ್ಷ ಬೆಳೆಸಿದ್ದು ಒಂಬತ್ತು. ಒಂಬತ್ತೆಂದು ಎತ್ತಿದ್ದು ಆರು. ಅವಳು ಅಲ್ಲೇ ನೆಲದ ಮೇಲೆ ಕೂತಳು.

ಬಾಯಿಗೆ ಬಂದಂತೆ ಬೈಸಿಕೊಳ್ಳಲು ಸಿದ್ಧಳಾಗಿಯೇ ಅವಳು ಮೇಡಂ ಕೋಣೆಗೆ ಹೋದದ್ದು. ಎಲ್ಲ ಕೇಳಿಯೂ ಮೇಡಂ ಬೈಯಲಿಲ್ಲ. ಎದ್ದು ಬಾಗಿಲು ಹಾಕಿದರು.

"ಆ ಚಿತ್ರ ಕೇಳಿದ್ದು ನಾನೇ ತಾನೆ? ಈಗ ಬೇಡ ಅಂತೀನಿ, ಬಿಡು. ಶುಕ್ರವಾರ ಒಪ್ಪಿಸು. ಮಿಕ್ಕಿದ್ದು ಆಮೇಲೆ ನೋಡೋಣ."

ಆಯಿತು ಎನ್ನಲು ಅವಳ ನಾಲಿಗೆ ತುದಿಯವರೆಗೆ ಬಂದಿತ್ತು. ಸುಳ್ಳು ಯಾಕೆ, ಅವಳಿಗೆ ಆ ಡಿಗ್ರಿ ಬೇಕಿತ್ತು, ತುಂಬಾ ಬೇಕಿತ್ತು. ಆದರೆ ಅಷ್ಟರಲ್ಲಿ ಪುಟ್ಟಿ ನೆನಪಾದಳು.

ಪುಟ್ಟಿ ಹಿಂದಿನ ವರ್ಷ ಸೇರಿದ್ದ ಹುಡುಗಿ. ಮೇಡಂ ಬೇರೆಯಾಗಿ ಇಟ್ಟಿದ್ದ ಮೂಲ ಕೋಶಗಳಿಂದ ದೊಡ್ಡಕ್ಕನ ಪ್ರಯೋಗವನ್ನೇ ಮಾಡಿ ಕಲಿಯಬೇಕಿತ್ತು. ನಾಲ್ಕು ಸಲ ಮಾಡಿದಳು, ನಾಲ್ಕು ಸಲವೂ ಫಲಿತಾಂಶ ತಲೆಕೆಳಗು. ಏನು ಕಥೆ ಇವಳದು ಎಂದು ಮೇಡಂ ಕೇಳಿದಾಗ, ಪುಟ್ಟಿಯ ಎದುರಿಗೇ ದೊಡ್ಡಕ್ಕ ಹೇಳಿದ್ದಳು: "ಕೈ ಪಳಗಿಲ್ಲ, ಮೇಡಂ. ಎಲ್ಲೋ ಟ್ಯೂಬ್ ಅದಲುಬದಲು ಮಾಡ್ಕೋತಾಳೆ." ಆ ತಿಂಗಳೇ ಪುಟ್ಟಿಯನ್ನು ಕಳಿಸಿಬಿಟ್ಟರು. ಅವಳ ಗಾಜು, ಅಳತೆ ಬರೆದ ಪುಸ್ತಕ ಯಾವುದೂ ಲ್ಯಾಬಿಗೆ ಬೇಡವೆಂದು ಅವಳ ಕೈಗೇ ಕೊಟ್ಟಿದ್ದರು.

ಅಂದರೆ ಸರಿಯಾದ ಅಳತೆ ಪುಟ್ಟಿಯ ಹತ್ತಿರ ಇದೆ! ತನ್ನ ಅಳತೆಗೆ ಬರೀ ಹೆಸರು ತಿರುಗಿಸಿದರೆ ಯಾರೂ ನಂಬುವುದಿಲ್ಲ; ಪುಟ್ಟಿಯದು ಸಿಕ್ಕರೆ ಅವಳ ಹೆಸರು ಹಾಕಿ, ತಪ್ಪು ಒಪ್ಪಿಕೊಂಡು, ಹಗಲೂ ರಾತ್ರಿ ಕೂತು ತಿದ್ದಿ ಬರೆಯಬಹುದು. ಯೋಚಿಸಿ ಹೇಳುತ್ತೇನೆಂದು ಹೊರಬಂದವಳು ಮೆಟ್ಟಿಲ ಮೇಲೆ ಕೂತು ಫೋನ್ ಮಾಡಿದಳು. ಪುಟ್ಟಿ ಈಗ ಕನ್ನಡಕದ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಳು. ಗಿರಾಕಿ ಇದ್ದಾರೆ, ಬೇಗ ಹೇಳಿ ಎಂದಳು.

"ಪುಟ್ಟಿ, ನಿನ್ನ ಕೈ ಸರಿಯಾಗೇ ಇತ್ತು. ಅದಲುಬದಲು ಮಾಡಿದ್ದು ನಾನು."

ದೊಡ್ಡಕ್ಕ ಆರು ಒಂಬತ್ತರ ಕಥೆಯನ್ನೆಲ್ಲ ತಡವರಿಸುತ್ತ ಹೇಳಿದಳು. ಕ್ಷಮೆ ಕೇಳಿದಳು. ಆಮೇಲೆ, ಕೇಳಲು ನಾಚಿಕೆಯಾದರೂ, ಆ ಪುಸ್ತಕ ಒಂದು ವಾರಕ್ಕೆ ಕೊಡುತ್ತೀಯಾ ಎಂದು ಅಂಗಲಾಚಿದಳು.

"ಇಲ್ಲ, ಅಕ್ಕ," ಎಂದಳು ಪುಟ್ಟಿ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಗಾಜು, ಪುಸ್ತಕ ಎಲ್ಲಾ ಅವತ್ತೇ ಎಸೆದ್ಬಿಟ್ಟೆ. ಅದೆಲ್ಲ ತಪ್ಪು ಅಂತ ನೀವೇ ಹೇಳಿದ್ರಲ್ಲ."

ಫೋನು ಇಟ್ಟ ಮೇಲೆ ದೊಡ್ಡಕ್ಕ ಅತ್ತಳು. ಮೆಟ್ಟಿಲು ಹತ್ತಿ ಇಳಿಯುವವರ ಕಾಲುಗಳ ನಡುವೆ, ನಾಚಿಕೆ ಬಿಟ್ಟು ಅತ್ತಳು. ಆಮೇಲೆ ಮುಖ ತೊಳೆದುಕೊಂಡು ಮೇಡಂ ಕೋಣೆಗೆ ಹೋಗಿ, ಶುಕ್ರವಾರ ಏನೂ ಒಪ್ಪಿಸುವುದಿಲ್ಲ, ಪೇಪರು ವಾಪಸ್ ತೆಗೆದುಕೊಳ್ಳಬೇಕು ಎಂದಳು. ಆರು ವರ್ಷ ನೀರಲ್ಲಿ ಹೋಮ ಮಾಡುತ್ತೀಯಾ, ನಿನ್ನ ಗತಿ ಏನು ಎಂದು ಮೇಡಂ ಕೇಳಿದರು.

"ಆ ಹುಡುಗಿಗೆ ಒಂದು ಕಾಗದ ಬರೀರಿ, ಮೇಡಂ," ಎಂದಳು. "ಅವಳದ್ದು ಸರಿ ಇತ್ತು ಅಂತ. ನಾನು ಹೇಳಿದ್ರೆ ಸಾಲಲ್ಲ."