ಷರಾ: ಬಾಗಿಲು ಬೀಗ

“ಯಜಮಾನ್ರು ತಿರುಪತಿಗೆ ಹೋಗವ್ರೆ, ಯಾವಾಗ್ ಬತ್ತಾರೋ ಗೊತ್ತಿಲ್ಲ,” ಎಂದು ವೆಂಕಟಗಿರಿ ಇಲ್ಲದ ಸೆರಗನ್ನು ಹೆಗಲ ಮೇಲೆ ಎಳೆದುಕೊಂಡರು. ಮರುಕ್ಷಣವೇ ದನಿ ಗಂಡಸಿನದಾಯಿತು. “ಅದು ನಮ್ಮಣ್ಣನ ಹೆಸ್ರು ಕಣ್ರೀ, ನಂಗೂ ಅವನಿಗೂ ಮಾತಿಲ್ಲ.” ಆಮೇಲೆ ಬಲು ಮೆತ್ತಗೆ, “ಬನ್ನಿ ಸಾರ್ ಒಳಗೆ, ನಾಯಿ ಕಟ್ಟಿಲ್ಲ ಅಷ್ಟೆ.”

ತನ್ಮಯಿ ನಗುತ್ತ ಸ್ಕೂಟರಿನ ಹಿಂದಿನ ಸೀಟಿನಿಂದ ಇಳಿದಳು. ಕೋರ್ಟಿನ ಸಮನ್ಸುಗಳನ್ನು ಮನೆಮನೆಗೆ ಮುಟ್ಟಿಸುವ ಅಮೀನರು ವೆಂಕಟಗಿರಿ. ಬಾಗಿಲಲ್ಲಿ ಸಿಗುವವರನ್ನು ಹೀಗೆ ಅಣಕಿಸಿ ತೋರಿಸುವುದು ಅವರ ಚಟ. ಕಾನೂನು ಕಾಲೇಜಿನ ಕೊನೆಯ ವರ್ಷದ ಪ್ರಾಜೆಕ್ಟಿಗೆಂದು ಮೂರು ವಾರದಿಂದ ಅವಳು ಅವರ ಹಿಂದೆ ಸುಂಕದಕಟ್ಟೆ, ಮಲ್ಲತ್ತಹಳ್ಳಿ ಎಂದು ಸುತ್ತುತ್ತಿದ್ದಳು. ಸಿವಿಲ್ ಕೇಸು ಎಲ್ಲಿ ನಿಧಾನವಾಗುತ್ತದೆ ಎಂಬುದು ವಿಷಯ. “ನೀನು ಸಿಸಿಟಿವಿ ಥರ ಇರಬೇಕು ತನ್ಮಯಿ, ನೋಡಬೇಕು, ಬಾಯಿ ಬಿಡಬಾರದು,” ಎಂದಿದ್ದರು ಗೈಡ್ ಕಶ್ಯಪ್. ಮೊದಲ ದಿನವೇ ಅವಳು ಕನ್ನಡಕವನ್ನು ಮೂಗಿನ ತುದಿಗಿಳಿಸಿ ಅವರ ದನಿಯಲ್ಲೇ ಅದನ್ನು ಹೇಳಿ ತೋರಿಸಿದ್ದಕ್ಕೇ ವೆಂಕಟಗಿರಿ ಅವಳನ್ನು ಸ್ಕೂಟರಿಗೆ ಹತ್ತಿಸಿಕೊಂಡದ್ದು.

“ಜಾರಿ ಮಾಡೋನು ನಾನು, ಜಾರಿಕೊಳ್ಳೋರು ಅವ್ರು. ಮೂವತ್ತು ವರ್ಷದಿಂದ ಇದೇ ಆಟ ಕಣಮ್ಮ,” ಎನ್ನುತ್ತ ಅವರು ಹೇರೋಹಳ್ಳಿಯ ಆ ಹೊಸ ಮನೆಯ ಗೇಟು ಅಲ್ಲಾಡಿಸಿದರು. ಬೀಗ. ಗಂಟೆ ಹನ್ನೆರಡೂ ಹತ್ತು.

ಪ್ರತಿವಾದಿಯ ಹೆಸರು ರೇವಂತ್. ಮೂರು ವರ್ಷದ ಕೆಳಗೆ ಸೈಟು ಕೊಂಡು ಮನೆ ಕಟ್ಟಿ, ಸುತ್ತ ಕಾಂಪೌಂಡು ಎಬ್ಬಿಸಿದ. ಹಿಂದಿನ ಮನೆಯ ಲಿಂಗಮ್ಮನ ದಾರಿ ಅದರಲ್ಲಿ ಮುಚ್ಚಿಹೋಯಿತು. ಆಕೆಯ ಗಂಡ ದುಂಡಪ್ಪನಿಗೆ ಎಡಗೈ ಎಡಗಾಲು ಸ್ವಾಧೀನವಿಲ್ಲ. ಆಸ್ಪತ್ರೆಗೆ ಹೊರಟರೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಪಕ್ಕದ ಮನೆಯ ಪಟಾಲಮ್ಮನ ದನದ ಕೊಟ್ಟಿಗೆಯೊಳಗಿಂದ ನಾಲ್ಕು ಜನ ಹೊತ್ತು ತರಬೇಕು. ದಾರಿ ಬಿಡಿಸಿಕೊಡಿ ಎಂದು ಲಿಂಗಮ್ಮ ಹಾಕಿದ ಕೇಸಿಗೆ ಎರಡು ವರ್ಷ. ಸಮನ್ಸು ಮೂರು ಸಲ ಹೋಗಿ ಮೂರು ಸಲವೂ ‘ಬಾಗಿಲು ಬೀಗ’ ಎಂಬ ಷರಾ ಹೊತ್ತು ವಾಪಸಾಗಿತ್ತು. ಇದು ಕೊನೆಯ ಅವಕಾಶ, ಇನ್ನೊಮ್ಮೆ ಹೀಗೇ ಬಂದರೆ ಕೇಸು ವಜಾ ಎಂದು ಜಡ್ಜರು ಹೇಳಿಯಾಗಿತ್ತು.

ವೆಂಕಟಗಿರಿ ಸ್ಕೂಟರ್ ಸೀಟಿನ ಮೇಲೆ ಸಮನ್ಸಿನ ಕಾಗದವಿಟ್ಟು, ಮತ್ತದೇ ಷರಾ ಬರೆಯಲು ಇಂಕ್ ಪೆನ್ನಿನ ಮುಚ್ಚಳ ತೆಗೆದರು. ತನ್ಮಯಿಯೂ ತನ್ನ ಪ್ರಾಜೆಕ್ಟಿನ ಫಾರಂ ತೆರೆದಳು. ಈ ಮೂರು ವಾರದಲ್ಲಿ ನಲವತ್ತೊಂದು ಬೀಗ. ಸಮಯದ ಕಾಲಮ್ಮಿನ ಮೇಲೆ ಬೆರಳೆಳೆದವಳು ನಿಂತುಬಿಟ್ಟಳು.

“ಸಾರ್, ಎಲ್ಲಾ ಹನ್ನೊಂದೂವರೆಯಿಂದ ಎರಡು ಗಂಟೆ ಒಳಗೇ ಇದೆ.”

“ಮತ್ತೆ? ಹತ್ತಕ್ಕೆ ಕೋರ್ಟಲ್ಲಿ ಸೈನ್ ಹಾಕಿ, ಕಾಗದ ತಗೊಂಡು, ಮಾಗಡಿ ರೋಡ್ ದಾಟಿ ಬರಬೇಡ್ವಾ? ಹೆಲಿಕಾಪ್ಟರ್ ಕೊಟ್ಟವ್ರಾ ನಂಗೆ?”

“ಈ ಹೊತ್ತಲ್ಲಿ ಕೆಲಸಕ್ಕೆ ಹೋಗೋರು ಯಾರಿರ್ತಾರೆ ಸಾರ್ ಮನೇಲಿ?”

“ಸಿಸಿಟಿವಿ ಮಾತಾಡ್ತಾ ಇದೆ,” ಎಂದರು ವೆಂಕಟಗಿರಿ. ಆದರೆ ಪೆನ್ನು ಅಲ್ಲಾಡಲಿಲ್ಲ.

ಅಷ್ಟರಲ್ಲಿ ಮನೆಯ ಪಕ್ಕದಲ್ಲಿ, ಹಳೆಯ ದಾರಿಗೆ ಅಡ್ಡ ಎದ್ದಿದ್ದ ಕಾಂಪೌಂಡಿನ ಮೇಲೆ ಒಂದು ತಲೆ ಮೂಡಿತು. ನರೆತ ಕೂದಲು, ಅಗಲ ಕುಂಕುಮ. ಆ ಕಡೆ ಬಕೆಟ್ಟು ಬೋರಲು ಹಾಕಿಕೊಂಡು ಹತ್ತಿದ್ದಳು ಲಿಂಗಮ್ಮ.

“ಕೋರ್ಟ್ನೋರಾ? ಅಯ್ಯೋ, ಈಗ್ ಬಂದ್ರೆ ಯಾರ್ ಸಿಕ್ತಾರೆ ಸಾಮಿ! ಗಂಡ ಹೆಂಡ್ತಿ ಎಂಟಕ್ಕೇ ಹೊಂಟೋಯ್ತಾರೆ. ಬೆಳಿಗ್ಗೆ ಆ ಹುಡುಗಿ ರಂಗೋಲಿ ಬಿಡೋವಾಗ ಇಬ್ರೂ ಇರ್ತಾರೆ.”

“ತಪ್ಪಿಸ್ಕೊಂಡು ಓಡಾಡ್ತಾವ್ರೆ ಅಂತ ನಿಮ್ಮ ವಕೀಲರು ಬರ್ಸವ್ರಲ್ಲಮ್ಮ?” ಎಂದರು ವೆಂಕಟಗಿರಿ.

“ವಕೀಲ್ರು ಏನೇನೋ ಬರ್ಕೊಂಡ್ರು. ಅವ್ರು ಎಷ್ಟೊತ್ತಿಗೆ ಇರ್ತಾರೆ ಅಂತ ನನ್ ಯಾರ್ ಕೇಳುದ್ರು?”

ಎರಡು ವರ್ಷ. ತನ್ಮಯಿಯ ಫಾರಂನಲ್ಲಿ ಹದಿನೆಂಟು ಕಾಲಮ್ಮುಗಳಿದ್ದವು. ಈ ಪ್ರಶ್ನೆಗೆ ಅಲ್ಲೂ ಜಾಗವಿರಲಿಲ್ಲ. ವೆಂಕಟಗಿರಿ ಪೆನ್ನಿಗೆ ಮುಚ್ಚಳ ಹಾಕಿ, ಷರಾ ಬರೆಯದೆ ಕಾಗದವನ್ನು ಹಾಗೇ ಮಡಚಿ ಜೇಬಿಗಿಟ್ಟರು.

“ನಾಳೆ ಆರೂವರೆಗೆ ಸುಂಕದಕಟ್ಟೆ ಬಸ್‌ಸ್ಟಾಪಲ್ಲಿ ನಿಂತಿರು. ನನ್ನ ವಾಕಿಂಗ್ ಕೆಡಿಸಿದ ಪಾಪ ನಿಂಗೇ.”

ಮರುದಿನ ಅವರು ಹೋದಾಗ ರೇವಂತನ ಹೆಂಡತಿ ಕೀರ್ತನಾ ಗೇಟಿನ ಮುಂದೆ ಕೂತು ಚುಕ್ಕಿ ಸೇರಿಸುತ್ತಿದ್ದಳು. ವೆಂಕಟಗಿರಿ ರಂಗೋಲಿ ತುಳಿಯದಂತೆ ಸುತ್ತಿ ಹೋಗಿ ಹೆಸರು ಹೇಳಿದರು. ಬಾಯ ತುಂಬ ಪೇಸ್ಟಿನ ನೊರೆ ತುಂಬಿಕೊಂಡು ರೇವಂತ್ ಹೊರಬಂದ.

“ಕೋರ್ಟಾ? ನನ್ಮೇಲಾ? ಯಾರ್ ಸಾರ್ ಹಾಕಿರೋದು?”

“ಲಿಂಗಮ್ಮ ಕೋಂ ದುಂಡಪ್ಪ. ಎರಡು ವರ್ಷ ಆಯ್ತು.”

ಅವನು ಉಗುಳಿ ಬಂದ. “ಎರಡು ವರ್ಷದಿಂದ ದಿನಾ ಮುಖ ನೋಡ್ತಾರೆ, ಒಂದು ಮಾತು ಹೇಳಿಲ್ಲ! ನನ್ನ ಪೇಪರ್ಸಲ್ಲಿ ಅಲ್ಲಿ ದಾರಿನೇ ಇಲ್ಲ ಸಾರ್.”

“ಅದನ್ನ ಅಲ್ಲಿ ಬಂದು ಹೇಳಿ. ಈಗ ಇಲ್ಲೊಂದು ಸಹಿ.”

“ಹಾಕ್ಬೇಡ್ರೀ, ಯಾರನ್ನಾದ್ರೂ ಕೇಳಿ,” ಎಂದಳು ಕೀರ್ತನಾ, ಬಿಳಿ ಬೆರಳುಗಳನ್ನು ಒರೆಸಿಕೊಳ್ಳುತ್ತ. ಸಹಿ ಮಾಡದಿದ್ದರೂ ಸಮನ್ಸನ್ನು ಬಾಗಿಲಿಗೆ ಅಂಟಿಸಬಹುದು. ಆದರೆ ಅಂಟಿಸಿದ್ದು ಸರಿಯೋ ತಪ್ಪೋ ಎಂದು ವಾದಿಸಿ ಇನ್ನೂ ಒಂದು ವರ್ಷ ಕಳೆಯುವವರನ್ನು ತನ್ಮಯಿ ನೋಡಿದ್ದಳು.

ರೇವಂತ್ ಕಾಂಪೌಂಡಿನ ಕಡೆ ನೋಡಿದ. ಲಿಂಗಮ್ಮನ ತಲೆ ಆಗಲೇ ಅಲ್ಲಿತ್ತು. ಕೈ ಒರೆಸಿಕೊಂಡು, “ಅದೇನೋ ಅಲ್ಲೇ ಇತ್ಯರ್ಥ ಆಗ್ಲಿ, ಪೆನ್ ಕೊಡಿ ಸಾರ್,” ಎಂದ.

ಗೇಟು ಮುಚ್ಚಿಕೊಂಡ ಮೇಲೆ ಲಿಂಗಮ್ಮ ಕರೆದಳು. “ಮುಗೀತಾ ಸಾಮಿ?”

“ಇಲ್ಲಮ್ಮ,” ಎಂದಳು ತನ್ಮಯಿ, ನಾಚಿಕೆಯಿಂದ. “ಈಗ ಶುರು.”

“ಶುರುವಾಯ್ತಲ್ಲವ್ವ. ಅದೇ ಆಗ್ದೆ ಕೂತಿತ್ತು.” ಆಕೆ ವೆಂಕಟಗಿರಿಯತ್ತ ತಿರುಗಿ ಎರಡೂ ಕೈ ಮುಗಿದಳು. ಬಕೆಟ್ಟು ಅಲುಗಿತು, ಗೋಡೆ ಹಿಡಿದುಕೊಂಡು ಮತ್ತೆ ಮುಗಿದಳು. “ನಿಮ್ ಮಕ್ಳು ಮರಿ ತಣ್ಗಿರ್ಲಿ.”

ವೆಂಕಟಗಿರಿ ತಾವೂ ಕೈ ಮುಗಿದರು. ಮೂವತ್ತು ವರ್ಷ ಬಾಗಿಲು ತಟ್ಟಿದ ಮನುಷ್ಯ. ಬೈಸಿಕೊಂಡದ್ದುಂಟು, ನಾಯಿಯಿಂದ ಓಡಿದ್ದುಂಟು. ಕೈ ಮುಗಿಸಿಕೊಂಡದ್ದು ಇದೇ ಮೊದಲು.

“ಒಂದ್ಸಲ ನೋಡ್ಲಾ?” ಎಂದು ಲಿಂಗಮ್ಮ ಕೈ ಚಾಚಿದಳು.

ಸಹಿಯಾದ ಪ್ರತಿ ಕೋರ್ಟಿಗೇ ಹೋಗಬೇಕು, ಬೇರೆ ಯಾರ ಕೈಗೂ ಕೊಡುವಂತಿಲ್ಲ. ವೆಂಕಟಗಿರಿ ತುದಿಗಾಲ ಮೇಲೆ ನಿಂತು, ಒಂದು ಮೂಲೆಯನ್ನು ತಾವೇ ಹಿಡಿದುಕೊಂಡು, ಅದನ್ನು ಗೋಡೆಯ ಮೇಲೆ ಹರಡಿದರು. ಆಕೆಗೆ ಓದು ಬರುತ್ತಿರಲಿಲ್ಲ. ನೀಲಿ ಸಹಿ ಇನ್ನೂ ಹಸಿಯಾಗಿತ್ತು. ಲಿಂಗಮ್ಮ ಮುಖ ಬಗ್ಗಿಸಿ, ಬಿಸಿ ಹಾಲಿಗೆ ಊದುವಂತೆ, ಅದರ ಮೇಲೆ ಮೆಲ್ಲಗೆ ಊದತೊಡಗಿದಳು.