ನೇಗಿಲು ತಾಗದ ಮಣ್ಣು

"ಸೊಂಟ ಬಗ್ಸಿ ಕಲಸ್ರೇ. ಮೂರೊತ್ತೂ ನಂದೇ ತಿಂತೀರಲ್ಲ, ಪ್ಯಾಟೇಲಿ ಮಾನ ಕಳೀಬ್ಯಾಡಿ ಮುಂಡೇವಾ."

ಮಾಗಿಯ ಬಿಸಿಲು ಇನ್ನೂ ಕಾವೇರಿರಲಿಲ್ಲ. ಚಾಮರಾಜಪುರಂನ ತರಬೇತಿ ಕೇಂದ್ರದ ಹಿತ್ತಲಲ್ಲಿ, ನೀಲಿ ಡ್ರಮ್ಮಿನ ಸುತ್ತ ಒಂದೇ ಕೇರಿಯ ಹೆಂಗಸರು ನಿಂತು ಸಗಣಿ ಕಿವುಚುತ್ತಿದ್ದರು. ಗಂಜಲ, ಬೆಲ್ಲ, ಕಡಲೆಹಿಟ್ಟು ಆಗಲೇ ನೀರಿಗೆ ಬಿದ್ದಾಗಿತ್ತು. ಜೀವಾಮೃತವೆಂಬ ಆ ಗೊಬ್ಬರದ ನೀರಿಗೆ ಇನ್ನು ಬೇಕಾದ್ದು ಮಣ್ಣೊಂದೇ.

ಬೈದವನು ಚೆಲುವರಾಜು. ಸಾವಯವ ಕೃಷಿಯ ಮಾದರಿ ರೈತ ಅಂತ ಕೇಂದ್ರದವರು ಅವನನ್ನು ಹೋದಲ್ಲಿ ಬಂದಲ್ಲಿ ತೋರಿಸುತ್ತಿದ್ದರು. ಶಿಬಿರಕ್ಕೆ ರೈತ ಮಹಿಳೆಯರು ಬೇಕು ಎಂದಾಗ ತನ್ನ ಬಾಳೆತೋಟದ ಕೂಲಿಯವರನ್ನೇ ಟೆಂಪೋದಲ್ಲಿ ತುಂಬಿಕೊಂಡು ಬಂದಿದ್ದ. ಆ ಹೆಂಗಸರಲ್ಲಿ ಒಬ್ಬಳಿಗೂ ಅಂಗೈಯಗಲ ಹೊಲವಿರಲಿಲ್ಲ.

ಅವರ ನಡುವೆ ನಿಂತಿದ್ದ ಚಿಕ್ಕತಾಯಿಯ ಕೈ ಸಗಣಿಯಲ್ಲಿದ್ದರೂ ಗ್ಯಾನವೆಲ್ಲ ಸೆರಗಿನ ಗಂಟಿನ ಮೇಲಿತ್ತು. ಪಾಠ ಹೇಳುವ ದೊರೆಸ್ವಾಮಿಗಳು, ಕೃಷಿ ಕಾಲೇಜಿನಲ್ಲಿ ಮೇಷ್ಟರಾಗಿದ್ದು ನಿವೃತ್ತರಾದವರು, ನೆನ್ನೆ ಹೇಳಿ ಕಳಿಸಿದ್ದರು: "ಬರುವಾಗ ಒಬ್ಬೊಬ್ಬರೂ ಹಿಡಿ ಮಣ್ಣು ತನ್ನಿ. ನೇಗಿಲು ತಾಗದ ಮಣ್ಣಾಗಿರಬೇಕು. ಜೀವ ಇರೋದು ಅದರಲ್ಲೇ."

ಊರಿಗೆ ಹೋಗಿ ನೋಡಿದರೆ ಅಂಥ ಮಣ್ಣು ಎಲ್ಲಿದೆ? ಚೆಲುವರಾಜುವಿನ ಟ್ರ್ಯಾಕ್ಟರ್ ಬದುವನ್ನೂ ಬಿಟ್ಟಿರಲಿಲ್ಲ. ದೀಪಾವಳಿ ಕಳೆಯುತ್ತಲೇ ಅವನು ಕೇರಿಯವರ ಸ್ಮಶಾನಕ್ಕೂ ತಂತಿಬೇಲಿ ಎಳೆದು, ಅರ್ಧ ಉತ್ತು, ಬಾಳೆ ಇಡಿಸಿದ್ದ. ಉಳಿದರ್ಧದಲ್ಲಿ ಅವಳ ಗಂಡ ಕಾಳಯ್ಯನನ್ನು ಹೂತ ಗುಡ್ಡೆಯಿತ್ತು. ನಾಳೆ ಶಿಬಿರದವರೆಲ್ಲ ತೋಟ ನೋಡಲು ಬರುವವರಿದ್ದರು. ಬಂದವರ ಕೈಯಿಂದ ಅಲ್ಲೂ ಗುಂಡಿ ತೋಡಿಸಿ ಸಸಿ ನೆಡಿಸುವುದೆಂದು ನಿಶ್ಚಯವಾಗಿತ್ತು. ಚಿಕ್ಕತಾಯಿ ಬೆಳಗ್ಗೆ ಎದ್ದವಳೇ ತಂತಿಯ ಸಂದಿನಲ್ಲಿ ತೋಳು ತೂರಿಸಿ, ಆ ಗುಡ್ಡೆಯ ಮಣ್ಣನ್ನೇ ಕೆರೆದು ಗಂಟು ಹಾಕಿಕೊಂಡಿದ್ದಳು.

"ಬ್ಯಾಡ ಕಣಕ್ಕ," ಪಕ್ಕದಲ್ಲಿದ್ದ ಪದ್ಮಾವತಿ ಪಿಸುಗುಟ್ಟಿದಳು. "ಆ ಗಿಡದ ಬುಡ್ಕೆ ಸುರ್ದ್ಬುಟ್ಟು ಬಾ. ಕೆಲ್ಸಕ್ಕೆ ಬರ್ಬ್ಯಾಡಿ ಅಂದ್ಬುಟ್ರೆ ನನ್ ಮಕ್ಳ ಬಾಯ್ಗೆ ಏನಾಕ್ಲಿ?"

"ನಾಳೆ ಗುದ್ಲಿ ನಮ್ ಕೈಗೇ ಕೊಡದು ಕಣೆ. ನಿಮ್ಮಪ್ಪನ್ ಮ್ಯಾಲೂ ನೀನೇ ಗುಂಡಿ ತೋಡೀಯಾ?"

ಪದ್ಮಾವತಿ ತಲೆ ತಗ್ಗಿಸಿ ಮತ್ತೆ ಸಗಣಿ ಕಿವುಚತೊಡಗಿದಳು.

ದೊರೆಸ್ವಾಮಿಗಳು ಬಂದರು. ಬೇರೆ ಊರುಗಳ ರೈತರೂ ಬಂದು ಸಾಲಾಗಿ ನಿಂತರು. "ಕೋಲು ಬೇಡ, ಕೈಯಲ್ಲೇ ಕದಡಬೇಕು. ಮಣ್ಣು ಅಂದ್ರೆ ಅಸಹ್ಯ ಪಡಬಾರದು," ಎನ್ನುತ್ತ ಅವರು ಬಿಳಿ ಅಂಗಿಯ ತೋಳು ಮಡಿಸಿ ಮೊಣಕೈವರೆಗೆ ಡ್ರಮ್ಮಿಗೆ ಇಳಿಸಿದರು. ಒಬ್ಬೊಬ್ಬರೂ ಮಣ್ಣು ಹಾಕಿ ಜಮೀನಿನ ಹೆಸರು ಹೇಳಿ ಸರಿಯುತ್ತಿದ್ದರು.

ಚೆಲುವರಾಜು ಚಿಕ್ಕತಾಯಿಯ ಬೆನ್ನಿಗೆ ಬಂದ. "ನನ್ ತೋಟದ್ದು ಅನ್ನು. ಒಂದ್ ಮಾತು ಎಚ್ಚಾಗಬಾರ್ದು."

"ಆಗ್ಲಿ ಬುದ್ದಿ."

ಗಂಟು ಬಿಚ್ಚಿದಳು. ದೊರೆಸ್ವಾಮಿಗಳು ಆ ಮಣ್ಣನ್ನು ಅಂಗೈಗೆ ಹಾಕಿಸಿಕೊಂಡು ಪುಡಿ ಮಾಡಿದರು, ಮೂಸಿದರು. "ನೋಡಿ, ಮಣ್ಣು ಅಂದ್ರೆ ಇದು. ಎಷ್ಟು ಹಗುರ," ಎಂದು ಎಲ್ಲರಿಗೂ ತೋರಿಸಿ ಡ್ರಮ್ಮಿಗೆ ಬಿಟ್ಟು ಕದಡಿದರು. "ಯಾರ ಜಮೀನಿಂದಮ್ಮ?"

"ಚೆಲುವರಾಜಪ್ನೋರ ತೋಟದ್ದು ಸಾ."

ಚೆಲುವರಾಜು ಎಲ್ಲರಿಗೂ ಕೈಮುಗಿದ.

"ನನ್ ಗಂಡನ್ನ ಅಲ್ಲೇ ಮಣ್ಣು ಮಾಡಿದ್ದೊ ಸಾ. ಅದು ಅವನ ಎದೆ ಮ್ಯಾಗಳ ಮಣ್ಣು. ನಮ್ ಸ್ಮಶಾನಕ್ಕೆ ಇವ್ರು ಬೇಲಿ ಆಕವ್ರೆ. ನಾಳೆ ನೀವು ಸಸಿ ನೆಡಕ್ಕೆ ಬರದು ಅಲ್ಗೇಯ."

ದೊರೆಸ್ವಾಮಿಗಳ ಕೈ ಮೆಲ್ಲಗೆ ಹೊರಗೆ ಬಂತು. ಅದು ತಮ್ಮದಲ್ಲವೇನೋ ಎಂಬಂತೆ ಮೈಯಿಂದ ದೂರ ಹಿಡಿದು ನಿಂತರು.

"ನಿಜವೇನ್ರೀ ಚೆಲುವರಾಜು?"

"ಯಾವ್ದೋ ಕಾಲ್ದಲ್ಲಿ ಒಂದೆರಡು ಹೂತಿದ್ರಂತೆ ಸಾರ್. ಇವಳ್ಗೆ ತಲೆ ಕೆಟ್ಟದೆ."

"ಓದ ಆಸಾಡದಲ್ಲಿ ಸತ್ತೋನು ಯಾವ್ದೋ ಕಾಲ್ದೋನಾ ಬುದ್ದಿ? ಅವತ್ತು ಕೇರಿಯೋರು ಒಬ್ರೂ ಕೆಲ್ಸಕ್ ಬರ್ನಿಲ್ಲ ಅಂತ ಎಣದ್ ಮುಂದೇನೆ ನಿಂತ್ಕಂಡು ಬೈದ್ರಲ್ಲ."

ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕು, ಕೂಡಲೇ ಕೆಮ್ಮಿದರು.

ದೊರೆಸ್ವಾಮಿಗಳು ನಲ್ಲಿಯ ಹತ್ತಿರ ಹೋಗಿ ಸೋಪು ತಿಕ್ಕತೊಡಗಿದರು. ದನಿ ಏರಿಸದೆ ಅಲ್ಲಿಂದಲೇ ಹೇಳಿದರು: "ಅದು ನಿಮ್ಮೂರಿನ ವಿಷಯ ಕಣಮ್ಮ, ಅಲ್ಲೇ ಮಾತಾಡಿಕೊಳ್ಳಿ. ಚೆಲುವರಾಜು, ಮೊದಲು ಅದನ್ನ ಮೋರಿಗೆ ಸುರಿಸಿಬಿಡಿ. ನಾಳೆಯ ಕಾರ್ಯಕ್ರಮ ಇದ್ದ ಹಾಗೇ ಇರಲಿ."

ಓದಿದವರ ಕಿವಿಗೊಂದು ಬಿದ್ದರೆ, ಬನ್ನಿ ನೋಡೋಣ ಅಂದಾರು ಎಂದಷ್ಟೇ ಚಿಕ್ಕತಾಯಿ ಎಣಿಸಿದ್ದಳು. ಮೋರಿಯ ಮಾತು ಅವಳ ಲೆಕ್ಕದಲ್ಲಿರಲಿಲ್ಲ. ತೋಳನ್ನು ಡ್ರಮ್ಮಿಗೆ ಇಳಿಸಿ ತಳದವರೆಗೂ ತಡಕಾಡಿದಳು. ಬೆರಳಿಗೆ ಲೋಳೆ ಸಿಕ್ಕಿತೇ ಹೊರತು ಕಾಳಯ್ಯನ ಮಣ್ಣು ಯಾವುದು, ಉಳಿದವರದು ಯಾವುದು, ತಿಳಿಯಲಿಲ್ಲ.

"ಸರಿಯೇ ಅತ್ಲಾಗೆ, ಲೌಡಿ." ಚೆಲುವರಾಜು ಡ್ರಮ್ಮಿನ ಅಂಚು ಹಿಡಿದು ಮೋರಿಯ ಕಡೆಗೆ ವಾಲಿಸಿದ. ಅವಳು ಇತ್ತ ಕಡೆಯಿಂದ ಅದನ್ನು ತಬ್ಬಿಕೊಂಡಳು. ಕೆಸರುನೀರು ಎದ್ದು ಡ್ರಮ್ಮಿನ ಬಾಯಿಯವರೆಗೆ ಬಂತು.

"ಬುಡೇ. ನಿನ್ ಎಣ ಎಲ್ಲಿ ಊಣ್ತಾರೋ ನಾನೂ ನೋಡ್ತೀನಿ."

ಚಿಕ್ಕತಾಯಿಯ ಕೈಗಳ ಪಕ್ಕದಲ್ಲಿ ಇನ್ನೆರಡು ಕೈ ಬಂದು ಕೂತವು. ತಿರುಗಿ ನೋಡದೆಯೇ ಅವು ಪದ್ಮಾವತಿಯವೆಂದು ತಿಳಿಯಿತು. ಆಮೇಲೆ ಮತ್ತೊಬ್ಬಳವು, ಮತ್ತೊಬ್ಬಳವು.

"ಕೈ ತಗಿಯೋ ಚೆಲ್ವರಾಜ," ಅಂದಳು ಚಿಕ್ಕತಾಯಿ.

ಅವನು ಕೈ ತೆಗೆಯಲಿಲ್ಲ. ಹೆಂಗಸರೂ ಬಿಡಲಿಲ್ಲ. ನಲ್ಲಿಯಲ್ಲಿ ನೀರು ಸುರಿಯುತ್ತಲೇ ಇತ್ತು. ಸಾಲಿನಲ್ಲಿದ್ದ ರೈತರು ಹಿಡಿಯೊಳಗಿನ ಮಣ್ಣನ್ನು ಎಲ್ಲಿ ಹಾಕುವುದೆಂದು ತಿಳಿಯದೆ ನಿಂತಿದ್ದರು.